ನಾರಾದ ಮರದ ಗುಡಿಗಳಿಗೆ ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ. ನವೆಂಬರಿನಲ್ಲಿ ಜಪಾನಿನ ಕ್ಯೋಟೊದಿಂದ ನಾರಾಕ್ಕೆ ಹೋಗಿ ಒಂದೇ ದಿನದಲ್ಲಿ ಎಂಟು ಗುಡಿ ನೋಡಿಬಿಡುತ್ತೇನೆ ಎಂದು ಬರೆದಿದ್ದೀಯಲ್ಲ, ಅದು ಬೇಡ ಕಣಮ್ಮ. ಅಲ್ಲಿ ಹೆಚ್ಚಿನ ಗುಡಿಗಳ ಬಾಗಿಲು ಸಂಜೆ ಐದಕ್ಕೆ ಹಾಕುತ್ತಾರೆ, ಟಿಕೆಟ್ ಅದಕ್ಕೂ ಅರ್ಧ ಗಂಟೆ ಮೊದಲೇ ನಿಲ್ಲುತ್ತದೆ. ಹಿಂದಿನ ರಾತ್ರಿಯೇ ನಾರಾದಲ್ಲಿ ಉಳಿದುಕೊ. ಎರಡು ದಿನಕ್ಕೆ ನಾಲ್ಕು ಗುಡಿ ಸಾಕು. ರೈಲಿನಲ್ಲಿ ಕಿಂಟೆತ್ಸು ನಾರಾ ನಿಲ್ದಾಣಕ್ಕೇ ಇಳಿ. ಅಲ್ಲಿಂದ ತೋದೈಜಿ ಎಂಬ ಬೌದ್ಧ ಗುಡಿಗೆ ಇಪ್ಪತ್ತು ನಿಮಿಷದ ನಡಿಗೆ. ಜೆಆರ್ ಎಂಬ ಇನ್ನೊಂದು ರೈಲು ಕಂಪನಿಯ ನಾರಾ ನಿಲ್ದಾಣ ಇನ್ನೂ ದೂರ.

ನಮ್ಮ ಕಣ್ಣು ಬೇಲೂರು, ಹಳೇಬೀಡಿನ ಕಲ್ಲಿಗೆ ಪಳಗಿದ್ದು. ಕಲ್ಲಿನ ಗುಡಿ ಒಮ್ಮೆ ಕಟ್ಟಿದರೆ ಅದೇ ಉಳಿಯುತ್ತದೆ. ನಾರಾದ್ದು ಮರ. ಸುಟ್ಟಿದೆ, ಮತ್ತೆ ಕಟ್ಟಿದ್ದಾರೆ. ಹಾಗಾಗಿ "ಈ ಗುಡಿ ಎಷ್ಟು ಹಳೆಯದು" ಎಂದು ಕೇಳಿದರೆ ಸರಿಯುತ್ತರ ಸಿಗುವುದಿಲ್ಲ. ಈ ಕಂಬ ಯಾವಾಗಿನದು, ಈ ಪೀಠ ಯಾವಾಗಿನದು ಎಂದು ಬಿಡಿಬಿಡಿಯಾಗಿ ಕೇಳಬೇಕು.

ತೋದೈಜಿಯಲ್ಲೇ ನೋಡು. ನವೆಂಬರಿನಲ್ಲಿ ಮಹಾಬುದ್ಧನ ಭವನ ತೆರೆಯುವುದು ಎಂಟಕ್ಕೆ, ಆ ಹೊತ್ತಿಗೇ ಬಾಗಿಲಲ್ಲಿರು. ತಡವಾದರೆ ಶಾಲೆಯ ಮಕ್ಕಳ ಸಾಲು ಸಾಲು ಗುಂಪು ಬರುತ್ತದೆ. ಬುದ್ಧ ವೈರೋಚನ, ಎತ್ತರ ಸುಮಾರು 15 ಮೀಟರ್. 752ರಲ್ಲಿ ಇದರ ನೇತ್ರೋನ್ಮೀಲನ, ಅಂದರೆ ವಿಗ್ರಹಕ್ಕೆ ಕಣ್ಣು ಬರೆಯುವ ವಿಧಿ, ಮಾಡಿದ್ದು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಅವನು ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರೂ ದಾರ ಹಿಡಿದು ಪುಣ್ಯದಲ್ಲಿ ಪಾಲು ಪಡೆದರು. ಆದರೆ ನಿನಗೆ ಕಾಣುವ ಮುಖ ಅಂದಿನದಲ್ಲ. 1180ರಲ್ಲಿ ಒಮ್ಮೆ, 1567ರಲ್ಲಿ ಇನ್ನೊಮ್ಮೆ ಭವನ ಸುಟ್ಟಿತು. ಎರಡನೆಯ ಬೆಂಕಿಯ ಮೇಲೆ ವಿಗ್ರಹ ಬಹುಕಾಲ ಮಳೆ ಬಿಸಿಲಿನಲ್ಲೇ ಕೂತಿತ್ತು. ಈಗಿನ ತಲೆ 17ನೇ ಶತಮಾನದ ಎರಕ. ಹಳೆಯದು ಬೇಕಿದ್ದರೆ ಕೆಳಗೆ ನೋಡು, ಪೀಠದ ಕಂಚಿನ ಪದ್ಮದಳಗಳನ್ನು. ಅವುಗಳ ಮೇಲೆ ಬುದ್ಧಲೋಕಗಳನ್ನು ಕೂದಲೆಳೆಯಂಥ ಗೆರೆಗಳಲ್ಲಿ ಕೊರೆದಿದ್ದಾರೆ. ಮೇಲಿನದು ಕಣ್ಣಿಗೆ ಎಟುಕುವುದಿಲ್ಲ, ಒಂದು ದಳದ ಪ್ರತಿಯನ್ನು ಒಳಗೇ ಇಟ್ಟಿದ್ದಾರೆ, ಅದರ ಮುಂದೆ ಹತ್ತು ನಿಮಿಷ ನಿಲ್ಲು.

ಆಮೇಲೆ ಕಂಬಗಳಿಗೆ ಸುತ್ತಿದ ಕಬ್ಬಿಣದ ಪಟ್ಟಿ ನೋಡು. 1709ರಲ್ಲಿ ಭವನ ಮತ್ತೆ ಎದ್ದಾಗ ಅಷ್ಟು ದಪ್ಪದ ಮರ ಸಿಗಲಿಲ್ಲ. ನಡುವೆ ಒಂದು ದಿಮ್ಮಿ ಇಟ್ಟು, ಸುತ್ತ ಹಲಗೆ ಜೋಡಿಸಿ, ಪಟ್ಟಿ ಬಿಗಿದು ಕಂಬ ಮಾಡಿದರು. ಹಣಕ್ಕೂ ತತ್ವಾರ. ಮುಂಭಾಗದಲ್ಲಿ ಹನ್ನೊಂದು ಅಂಕಣವಿದ್ದದ್ದು ಏಳಕ್ಕೆ ಇಳಿಯಿತು. ಇಷ್ಟು ದೊಡ್ಡದಾಗಿ ಕಾಣುವುದು ಹಳೆಯದಕ್ಕಿಂತ ಚಿಕ್ಕದು ಎಂದು ತಿಳಿದು ನೋಡುವುದೇ ಬೇರೆ.

ಭವನದ ಎದುರಿನ ಎಂಟು ಮೂಲೆಯ ಕಂಚಿನ ದೀಪವನ್ನು ಜನ ದಾಟಿ ಹೋಗಿಬಿಡುತ್ತಾರೆ. ಅದು 8ನೇ ಶತಮಾನದ್ದು, ಎರಡು ಬೆಂಕಿ ದಾಟಿ ಉಳಿದದ್ದು. ಜಾಲಂಧ್ರದ ಮೇಲೆ ವಾದ್ಯ ನುಡಿಸುವ ದೇವತೆಗಳಿದ್ದಾರೆ, ಕೊಳಲು ಹಿಡಿದವನನ್ನು ಹುಡುಕು. ದಕ್ಷಿಣದ ಮಹಾದ್ವಾರದಲ್ಲೂ ಹಾಗೆಯೇ. ಎಲ್ಲರೂ ಅಲ್ಲಿ ಅಡ್ಡಾಡುವ ಜಿಂಕೆ ನೋಡುತ್ತಾ ಒಳಗೆ ಹೋಗುತ್ತಾರೆ. ನೀನು ದ್ವಾರದ ನಡುವೆ ನಿಂತು ಎರಡೂ ಪಕ್ಕ ತಲೆ ಎತ್ತು. ಎಂಟು ಮೀಟರಿಗೂ ಎತ್ತರದ ಇಬ್ಬರು ದ್ವಾರಪಾಲಕರು, ಉಂಕೇ ಮತ್ತು ಕೈಕೇ ಎಂಬ ಶಿಲ್ಪಿಗಳ ತಂಡ 1203ರಲ್ಲಿ 69 ದಿನದಲ್ಲಿ ಮುಗಿಸಿದ್ದು. ಒಬ್ಬನ ಬಾಯಿ ತೆರೆದಿದೆ, "ಅ". ಇನ್ನೊಬ್ಬನದು ಮುಚ್ಚಿದೆ, "ಹೂಂ". ನಮ್ಮ ಅಕ್ಷರಗಳೇ ಅಷ್ಟು ದೂರ ಹೋಗಿವೆ.

ಸಂಜೆಗೆ ತೋದೈಜಿಯದೇ ಇನ್ನೊಂದು ಭವನ ನಿಗತ್ಸುದೊ ಇಟ್ಟುಕೊ. ಅದರ ಜಗುಲಿಗೆ ಟಿಕೆಟ್ಟಿಲ್ಲ, ಬಾಗಿಲು ಹಾಕುವುದೂ ಇಲ್ಲ. ಪಶ್ಚಿಮಕ್ಕೆ ಮುಖ ಮಾಡಿದೆ, ನವೆಂಬರಿನಲ್ಲಿ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಬೆಚ್ಚಗಿನ ಸ್ವೆಟರ್ ಇರಲಿ.

ಮಧ್ಯಾಹ್ನದ ಹೊತ್ತು ಕೋಫುಕುಜಿ ಗುಡಿಗೆ. ಐದಂತಸ್ತಿನ ಗೋಪುರಕ್ಕೆ ದೊಡ್ಡ ದುರಸ್ತಿ ನಡೆದು ಹೊದಿಕೆ ಹಾಕಿದ್ದಾರೆ, ಬೇಸರ ಮಾಡಿಕೊಳ್ಳಬೇಡ. ನೀನು ಹೋಗಬೇಕಾದ್ದು ಅಲ್ಲಿನ ನಿಧಿಭವನಕ್ಕೆ, 734ರ ಅಸುರನನ್ನು ನೋಡಲು. ಮೂರು ಮುಖ, ಆರು ಕೈ. ನಮ್ಮ ಅಸುರರ ಹಾಗೆ ಕೋರೆಹಲ್ಲಿಲ್ಲ, ಹುಬ್ಬು ಗಂಟಿಕ್ಕಿದ ಎಳೆ ಹುಡುಗನ ಮುಖ. ಮಣ್ಣಿನ ಮೂರ್ತಿ ಮಾಡಿ, ಅರಗಿನ ಮರದ ರಸದಲ್ಲಿ ಅದ್ದಿದ ನಾರುಬಟ್ಟೆಯನ್ನು ಪದರ ಪದರವಾಗಿ ಸುತ್ತಿ, ಒಣಗಿದ ಮೇಲೆ ಒಳಗಿನ ಮಣ್ಣು ತೆಗೆದುಬಿಡುತ್ತಿದ್ದರು. ಹಾಗಾಗಿ ಒಳಗೆ ಟೊಳ್ಳು, ಎತ್ತಲು ಹಗುರ. ಬೆಂಕಿ ಬಿದ್ದಾಗ ಹೊತ್ತು ಹೊರಗೆ ಓಡಬಹುದಿತ್ತು, ಅದಕ್ಕೇ ಉಳಿದಿದೆ.

ಎರಡನೆಯ ದಿನ ಯಮಾತೊ ಸೈದೈಜಿಯಲ್ಲಿ ರೈಲು ಬದಲಿಸಿ ನಿಶಿನೊಕ್ಯೊಗೆ ಹೋಗು. ಯಾಕುಶಿಜಿ ಗುಡಿ ಆ ನಿಲ್ದಾಣದ ಪಕ್ಕವೇ. ಪೂರ್ವ ಗೋಪುರ 730ರದ್ದು, ಪಶ್ಚಿಮದ್ದು 1981ರಲ್ಲಿ ಕಟ್ಟಿದ್ದು. ಆರಂತಸ್ತಿನಂತೆ ಕಂಡರೂ ಮೂರೇ, ನಡುನಡುವೆ ಇರುವುದು ಚಾವಣಿಯ ಅಲಂಕಾರ. ಹೊಸದರ ಕೆಂಪು ಹಸಿರು ಕಂಡು ಮುಖ ಸಿಂಡರಿಸಬೇಡ, ಹಳೆಯದೂ ಒಂದು ಕಾಲಕ್ಕೆ ಹಾಗೇ ಹೊಳೆಯುತ್ತಿತ್ತು. ಉತ್ತರಕ್ಕೆ ಹತ್ತು ನಿಮಿಷ ನಡೆದರೆ ತೋಶೋದೈಜಿ, ಚೀನಾದ ಭಿಕ್ಷು ಗಂಜಿನ್ 759ರಲ್ಲಿ ಸ್ಥಾಪಿಸಿದ್ದು. ಅಲ್ಲಿನ ಕರುಣೆಯ ಬೋಧಿಸತ್ವ, ಸಹಸ್ರಭುಜ ಅವಲೋಕಿತೇಶ್ವರನಿಗೆ ಈಗ ಉಳಿದಿರುವುದು 953 ಕೈ. ಒಳಗೆ ಬಿಡುವುದಿಲ್ಲ, ಬಾಗಿಲಾಚೆಯಿಂದ ನೋಡಬೇಕು. ಕತ್ತಲೆ ಇರುತ್ತದೆ. ಒಂದು ಚಿಕ್ಕ ದುರ್ಬೀನು ತೆಗೆದುಕೊಂಡು ಹೋಗು, ಟಾರ್ಚ್ ಮಾತ್ರ ಹಾಕಬೇಡ.

ನಡವಳಿಕೆ ನಮ್ಮ ಮನೆಯದೇ. ಹೊಸ್ತಿಲು ತುಳಿಯಬೇಡ, ಊದಿನಕಡ್ಡಿಯ ಉರಿಯನ್ನು ಬಾಯಿಂದ ಊದಬೇಡ. ಚಪ್ಪಾಳೆ ತಟ್ಟಿ ನಮಿಸುವುದು ಜಪಾನಿನ ಮೂಲ ಧರ್ಮವಾದ ಶಿಂಟೊ ಗುಡಿಯಲ್ಲಿ. ಬುದ್ಧನ ಮುಂದೆ ಸುಮ್ಮನೆ ಕೈಮುಗಿ. ಬೇಗ ಬಿಚ್ಚಿ ಹಾಕುವ ಶೂ, ದಪ್ಪ ಕಾಲುಚೀಲ ಬೇಕು, ಹಲಗೆ ನೆಲ ಕೊರೆಯುತ್ತದೆ. ಚಿಲ್ಲರೆ ನಾಣ್ಯ ಇಟ್ಟುಕೊ.

ಜಿಂಕೆಗಳ ಬಗ್ಗೆ ಒಂದು ಮಾತು. ಆ ತಿಂಗಳಲ್ಲಿ ಗಂಡುಗಳಿಗೆ ಮದ ಇನ್ನೂ ಇಳಿದಿರುವುದಿಲ್ಲ, ದೂರವಿರು. ಬಿಸ್ಕತ್ತು ಕೊಂಡರೆ ಆಟವಾಡಿಸದೆ ಬೇಗ ಕೊಟ್ಟುಬಿಡು. ಕಾಯಿಸಿದರೆ ಕಚ್ಚುತ್ತವೆ. ಮುಗಿದ ಮೇಲೆ ಎರಡೂ ಅಂಗೈ ಬಿಚ್ಚಿ ತೋರಿಸು. ನಕ್ಷೆ, ಟಿಕೆಟ್ ಹೊರಗೆ ಕಾಣುವಂತೆ ಇಡಬೇಡ, ಕಾಗದವನ್ನೂ ತಿನ್ನುತ್ತವೆ.

ಊಟದಲ್ಲಿ ಎಚ್ಚರ. ತರಕಾರಿ ಉದೋನ್ (ಗೋಧಿಯ ದಪ್ಪ ಶಾವಿಗೆ) ಎಂದರೂ ಸಾರಿನಲ್ಲಿ ಒಣಮೀನಿನ ರಸ ಇರುತ್ತದೆ. ಆ ಊರಿನ ಹೆಸರಾದ, ಪರ್ಸಿಮನ್ ಹಣ್ಣಿನ ಮರದ ಎಲೆಯಲ್ಲಿ ಸುತ್ತಿದ ಅನ್ನದ ಮೇಲೂ ಸಾಮಾನ್ಯವಾಗಿ ಮೀನೇ. ಅಮ್ಮ ಕಳಿಸಿದ ಅವಲಕ್ಕಿ, ಚಟ್ನಿಪುಡಿ ಎರಡು ಡಬ್ಬಿಯಲ್ಲಿ ತುಂಬಿಕೊಂಡು ಹೋಗು. ಜಿಂಕೆಗಳ ಎದುರಿಗೆ ಮಾತ್ರ ಡಬ್ಬಿ ತೆರೆಯಬೇಡ.

ಇಂತಿ,
ನಿನ್ನ ದೊಡ್ಡಪ್ಪ