ಕಾಣಲಿಲ್ಲ ಎಂದು ಬರೆದದ್ದು

ಶಿಡ್ಲಘಟ್ಟ

ಚಿರಂಜೀವಿ ಮಗಳೇ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಪತ್ರದ ಉಳಿದ ಸಂಗತಿಗಳನ್ನೆಲ್ಲ ಒಮ್ಮೆ ಓದಿದೆ. 'ವೈರಸ್ ಕಂಡುಬಂದಿಲ್ಲ ಎಂದು ನಾನು ಸಹಿ ಹಾಕುತ್ತೇನೆ, ಇಲ್ಲವೇ ಇಲ್ಲ ಎಂದು ಅವರು ಓದಿಕೊಳ್ಳುತ್ತಾರೆ' ಎಂಬ ಸಾಲನ್ನು ಮಾತ್ರ ಮೂರು ದಿನದಿಂದ ಓದುತ್ತಲೇ ಇದ್ದೇನೆ.

ಜೀವಕೋಶಗಳನ್ನು ಬೆಳೆಸಿ ಔಷಧಿ ತಯಾರಿಸುವ ತೊಟ್ಟಿಯಿಂದ ತೆಗೆದ ಮಾದರಿಯನ್ನು ಬೇರೆ ಬೇರೆ ಜೀವಕೋಶಗಳ ಮೇಲೆ ಹಾಕಿ, 28 ದಿನ ಕಾದು, ವೈರಸ್ಸಿನಿಂದ ಆ ಕೋಶಗಳು ಕೆಡುತ್ತವೆಯೇ ಎಂದು ನೋಡುವ ನಿನ್ನ ಕೆಲಸ ನನಗೆ ಪೂರ್ತಿ ತಿಳಿದಿದೆ ಎನ್ನಲಾರೆ. ಆ ಭಯ ಮಾತ್ರ ನನಗೆ ಹೊಸದಲ್ಲ. ರೈತರಿಗೆ ರೇಷ್ಮೆಹುಳುವಿನ ಮೊಟ್ಟೆ ಒದಗಿಸುವ ಬಿತ್ತನೆ ಕೋಠಿಯಲ್ಲಿ, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಡಿ ಹುಳುಗಳನ್ನು ಕೊಲ್ಲುವ ಗಂಟುರೋಗದ ಬೀಜಾಣು ಹುಡುಕುತ್ತಿದ್ದ ನಾನೂ 'ಕಂಡಿಲ್ಲ' ಎಂದೇ ಬರೆಯುತ್ತಿದ್ದೆ. ರೈತರು ಅದನ್ನು 'ಇಲ್ಲ' ಎಂದು ಓದಿಕೊಂಡು ಮೊಟ್ಟೆ ಒಯ್ಯುತ್ತಿದ್ದರು. (ಗಂಟುರೋಗ ವೈರಸ್ಸಿನದಲ್ಲ ಎಂದು ಬಲ್ಲೆ, ಆದರೆ ತಾಯಿಯಿಂದ ಮೊಟ್ಟೆಗೆ ಸದ್ದಿಲ್ಲದೆ ಇಳಿಯುವುದರಲ್ಲಿ ಅದೇನೂ ಕಡಿಮೆಯಲ್ಲ.)

ಒಂದು ಬೇಸಿಗೆಯಲ್ಲಿ ಬೇಡಿಕೆ ವಿಪರೀತವಿತ್ತು. ಸಂಜೆಯ ಹೊತ್ತಿಗೆ ಕಣ್ಣು ಸೋತು, ನಾಲ್ಕಾರು ಕಡೆ ನೋಡಬೇಕಾದ ಗಾಜುಪಟ್ಟಿಯನ್ನು ಒಂದೇ ಕಡೆ ನೋಡಿ ಬರೆದುಬಿಟ್ಟೆ. ಮೂರನೇ ಜ್ವರ, ಅಂದರೆ ಹುಳು ಮೂರನೇ ಸಲ ಪೊರೆ ಬಿಡುವುದು, ಕಳೆದ ಮೇಲೆ ಒಬ್ಬ ರೈತರ ಮನೆಯ ಹುಳುಗಳು ಒಂದು ಸಣ್ಣ, ಒಂದು ದೊಡ್ಡ ಆಗಿ, ಗೂಡು ಕಟ್ಟುವ ಚಂದ್ರಿಕೆ ಏರದೆ ಸತ್ತವು. ಅವರು ನನ್ನನ್ನು ಬೈಯಲಿಲ್ಲ; ಹುಳು ಸಾಕಿದ ಹೆಂಡತಿಯ ಕೈಗುಣ ಸರಿಯಿಲ್ಲವೆಂದರು. ನಾನು ಎದುರಿಗೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಹಿಂದೊಮ್ಮೆ ನೀನೇ ಹೇಳಿದ್ದೆ: 1955ರಿಂದ ಹಂಚಿದ ಪೋಲಿಯೊ ಲಸಿಕೆಯನ್ನು ರೀಸಸ್ ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ ಬೆಳೆಸುತ್ತಿದ್ದರು, ಅದರಲ್ಲಿ ಎಸ್‌ವಿ40 ಎಂಬ ವೈರಸ್ ಸೇರಿಕೊಂಡಿತ್ತು, ಆ ಕೋಶಗಳನ್ನು ಅದು ಕೆಡಿಸದ ಕಾರಣ ಯಾರಿಗೂ ಕಾಣಲಿಲ್ಲ. 1960ರಲ್ಲಿ ಆಫ್ರಿಕದ ಹಸಿರು ಕೋತಿಯ ಕೋಶಗಳ ಮೇಲೆ ಹಾಕಿದಾಗ ಅವುಗಳೊಳಗೆ ಗುಳ್ಳೆಗಳೆದ್ದವು. 2010ರಲ್ಲಿ ಮಕ್ಕಳ ಭೇದಿ ತಡೆಯುವ ಒಂದು ರೋಟಾ ಲಸಿಕೆಯೊಳಗೆ ಹಂದಿಯ ಸರ್ಕೋವೈರಸ್ ಎಂಬ ವೈರಸ್ಸಿನ ಗುರುತು ಸಿಕ್ಕಿದ್ದೂ ಹೊಸ ವಿಧಾನದಿಂದ ಹುಡುಕಿದಾಗಲೇ. ಅವರದು ಕಾಣಲಾಗದ್ದು, ನನ್ನದು ನೋಡದೆ ಬಿಟ್ಟದ್ದು. ನಿನ್ನ ಆ ಸಾಲಿನಲ್ಲಿ ಇರುವುದು ಯಾವ ಭಯವೆಂದು ಕೇಳಬೇಕೆನಿಸುತ್ತದೆ, ಕೇಳಲು ಹಿಂಜರಿಕೆಯೂ ಆಗುತ್ತದೆ.

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ ಕಾಣೆ. ಕಣ್ಣು ಸೋತ ದಿನ ಸಹಿಯನ್ನು ಮರುದಿನಕ್ಕಿಡು. ಮೇಲಿನವರು ಮುಖ ಗಂಟಿಕ್ಕಿದರೆ ಇಕ್ಕಲಿ. ಕೋಶಗಳು ಕಾರಣವಿಲ್ಲದೆ ನಿಧಾನವಾಗಿ ಬೆಳೆದರೆ, ಆಹಾರದ್ರವದ ದೋಷವೆಂದು ಯಾರಾದರೂ ಸಮಾಧಾನ ಹೇಳಿದರೂ, ಅದನ್ನು ದಾಖಲೆಯಲ್ಲಿ ಬರೆದಿಡು. ಮಾದರಿ ತೆಗೆದ ಮೇಲೂ, ವೈರಸ್ ಉಳಿದಿದ್ದರೆ ಹೋಗಲೆಂದು, ಔಷಧಿಯನ್ನು ಆಮ್ಲದಲ್ಲಿ ಇರಿಸಿ, ಸುಮಾರು 20 ನ್ಯಾನೋಮೀಟರ್ ರಂಧ್ರದ ಫಿಲ್ಟರ್‌ನಲ್ಲಿ ಸೋಸುತ್ತೀರೆಂದು ಬರೆದಿದ್ದೀಯೆ. ಎಲ್ಲ ಭಾರವೂ ನಿನ್ನೊಬ್ಬಳ ಸಹಿಯ ಮೇಲಿಲ್ಲವೆಂಬುದು ನನಗೆ ಸಮಾಧಾನ ತಂದಿತು. ನಿನಗೇಕೆ ತರಲಿಲ್ಲವೋ ಎಂದು ಮತ್ತೆ ಆ ಸಾಲಿಗೇ ಮರಳುತ್ತೇನೆ.

ಆ ರೈತರ ಮನೆ ಚಿಂತಾಮಣಿ ರಸ್ತೆಯಲ್ಲಿ ಈಗಲೂ ಇದೆ. ಬಸ್ಸಿನಲ್ಲಿ ಆ ಕಡೆ ಹೋಗಬೇಕಾದಾಗ ನಾನು ಆಚೆ ಬದಿಯ ಕಿಟಕಿಗೆ ಕೂರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ