ನೇತ್ರಾಣಿಗೆ ಹೊರಟ ಅಳಿಯನಿಗೆ

ಚಿರಂಜೀವಿ ಸೋದರಳಿಯನಿಗೆ ಹೊನ್ನಾವರದಿಂದ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಡಿಸೆಂಬರ್ ರಜೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಮುರುಡೇಶ್ವರಕ್ಕೆ ಬಂದು, ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ನಾರ್ಕೆಲಿಂಗ್, ಅಂದರೆ ಕೊಳವೆಯಿಂದ ಉಸಿರಾಡುತ್ತ ತೇಲಿ ನೀರಿನೊಳಗನ್ನು ನೋಡುವ ಆಟ, ಮಾಡುವೆ ಎಂದು ತಿಳಿದು ಸಂತೋಷವಾಯಿತು. ಆದರೆ ನೀನು ಹಾಕಿಕೊಂಡ ದಿನಗಳ ಲೆಕ್ಕ ಮನಸ್ಸಿಗೆ ಒಪ್ಪಲಿಲ್ಲ. ಶನಿವಾರ ರೈಲಿಳಿದು ಅಂದೇ ದೋಣಿ, ಭಾನುವಾರ ಗೋಕರ್ಣ, ಸೋಮವಾರ ಕಚೇರಿ! ಇನ್ನೊಂದು ದಿನ ಕೈಯಲ್ಲಿಟ್ಟುಕೊಂಡು ಬಾ. ಗಾಳಿ ಎದ್ದಿದೆ, ಇವತ್ತು ಬೇಡ ಎಂದು ದೋಣಿಯವರು ಹೇಳಿದರೆ ಹಣ ಕೊಟ್ಟಿದ್ದೇವೆಂದು ವಾದಕ್ಕೆ ನಿಲ್ಲಬೇಡ. ನಾಳೆ ಇದೆ ಎಂಬ ಧೈರ್ಯವಿದ್ದವನಿಗೆ ಆ ಮಾತು ಕೇಳುವುದು ಸುಲಭ.

ದ್ವೀಪ ದಡದಿಂದ ಸುಮಾರು 19 ಕಿ.ಮೀ. ದೂರ. ಬೆಳಗಿನ ದೋಣಿಯನ್ನೇ ಹಿಡಿ. ಮಧ್ಯಾಹ್ನವಾದಂತೆ ಗಾಳಿ ಬಲಿಯುತ್ತದೆ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆತಿಂಡಿಯೂ ಬೇಡ, ಎರಡು ಇಡ್ಲಿ ಸಾಕು. ಮಕ್ಕಳನ್ನು ದೋಣಿಯ ನಡುವೆ ಕೂರಿಸಿ ದೂರದ ದಿಗಂತ ನೋಡಲು ಹೇಳು. ಮೊಬೈಲ್ ನೋಡಿದರೆ ವಾಂತಿ ಖಂಡಿತ.

ಮಾಸ್ಕ್ ಮತ್ತು ಕೊಳವೆಯ ಅಭ್ಯಾಸ ಬೆಂಗಳೂರಿನಲ್ಲೇ, ಈಜುಕೊಳದಲ್ಲಿ ಆಗಲಿ. ಮೂಗು ಮಾಸ್ಕಿನೊಳಗೆ ಮುಚ್ಚಿರುವಾಗ ಬಾಯಿಂದಷ್ಟೇ ಉಸಿರಾಡುವುದು ಮಕ್ಕಳಿಗೆ ವಿಚಿತ್ರವೆನಿಸುತ್ತದೆ. ಕೊಳವೆಗೆ ನೀರು ನುಗ್ಗಿದರೆ ಹೆದರದೆ ಒಮ್ಮೆ ಜೋರಾಗಿ ಊದಿ ಹೊರಹಾಕಬೇಕು. ಕೂದಲೆಳೆ ಸಿಕ್ಕಿಕೊಂಡರೂ ಮಾಸ್ಕಿನೊಳಗೆ ನೀರು ಜಿನುಗುತ್ತದೆ. ಇಷ್ಟನ್ನೂ ಆಳದ ನೀರಿನ ಮೇಲೆ ಮೊದಲ ಸಲ ಕಲಿಯುವುದು ಸರಿಯಲ್ಲ. ಚಿಕ್ಕವಳು ಹೆದರಿದರೆ ಬಲವಂತ ಮಾಡಬೇಡ. ದೋಣಿಯಲ್ಲೇ ಅವಳ ಪಕ್ಕ ನೀನೋ ನಿನ್ನ ಹೆಂಡತಿಯೋ ಕುಳಿತಿರಿ. ಈಜು ಬಂದರೂ ಲೈಫ್ ಜಾಕೆಟ್ ಬಿಚ್ಚಕೂಡದು. ಮುಖ ಕೆಳಗೆ ಮಾಡಿ ತೇಲುವವರಿಗೆ ಬೆನ್ನು ಸುಡುವುದು ಗೊತ್ತೇ ಆಗುವುದಿಲ್ಲ, ಆದ್ದರಿಂದ ತುಂಬುತೋಳಿನ ಅಂಗಿ ಹಾಕಿಸು.

ಕೆಳಗೆ ಕಾಣುವ ಹವಳ ಕಲ್ಲಲ್ಲ, ಜೀವ. ಕಾಲೂರಿದರೆ ಎಷ್ಟೋ ವರ್ಷಗಳ ಬೆಳವಣಿಗೆ ಮುರಿದುಹೋಗುತ್ತದೆ. ಚೂರೊಂದನ್ನೂ ಎತ್ತಿಕೊಳ್ಳಬೇಡಿ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಹವಳಕ್ಕೂ ಇದೆ. ಸುಮ್ಮನೆ ತೇಲಿದರೆ, ಗಿಳಿಯ ಕೊಕ್ಕಿನಂಥ ಬಾಯಿಯ ಮೀನುಗಳು ಬಂಡೆಯ ಪಾಚಿ ಕೆರೆಯುವ ಸದ್ದೂ ಕಿವಿಗೆ ಬಿದ್ದೀತು.

ನನಗೆ ದೋಣಿಗಿಂತ ದಡದ್ದೇ ಹೆಚ್ಚು ಚಿಂತೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ದೋಣಿಯಲ್ಲಿ ನಾಲ್ಕು ಕಣ್ಣು ಕಾಯುತ್ತಿರುತ್ತವೆ, ದಡದಲ್ಲಿ ಎಲ್ಲರೂ ಮೈಮರೆಯುತ್ತಾರೆ. ಜೀವರಕ್ಷಕರು ಬೇಡವೆಂದ ಕಡೆ ಮೊಣಕಾಲಿನಷ್ಟು ನೀರಿಗೂ ಇಳಿಯಬೇಡಿ. ಸೆಳೆತಕ್ಕೆ ಸಿಕ್ಕರೆ ಎದುರು ಈಜದೆ, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕೆಂದು ಮಕ್ಕಳಿಗೂ ಹೇಳಿಕೊಡು.

ಗೋಕರ್ಣವನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು, ಆ ದಿನ ಇಲ್ಲೇ ಕಾಸರಕೋಡಿನ ಕಡಲತೀರಕ್ಕೆ ಬನ್ನಿ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಸಿಗುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆಯನ್ನು 2020ರಲ್ಲಿ ಪಡೆದ ತೀರವದು, ಮನೆಗೂ ಹತ್ತಿರ. ಅತ್ತೆ ಊಟಕ್ಕೆ ಕಾಯುತ್ತಾಳೆ. ಟಿಕೆಟ್ ಬದಲಿಸಿದ ಕೂಡಲೇ ಫೋನ್ ಮಾಡು.

ನಿನ್ನ ಮಾವ