ಗೋಡೆ ಎದ್ದ ಮೇಲೆ ದುಡ್ಡು ಕೊಡಿಸಿ: ರಿಸರ್ವ್ ಬ್ಯಾಂಕ್ ಗವರ್ನರ್‌ಗೆ ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರಿಗೆ, ನಮಸ್ಕಾರ.

ನಾನು ಸಾಲ ಮಾಡಿ ತಗೊಂಡ ಎರಡನೇ ಫ್ಲ್ಯಾಟ್‌ಗೆ ಇನ್ನೂ ಗೋಡೆಯೇ ಇಲ್ಲ. ಪಿಲ್ಲರ್‌ಗಳ ತಲೆ ಮೇಲೆ ಕಂಬಿಗಳು ತುಕ್ಕು ಹಿಡಿದು ನಿಂತಿವೆ. ಬೇಸ್‌ಮೆಂಟ್‌ನಲ್ಲಿ ಮಳೆ ನೀರು ಪಾಚಿಗಟ್ಟಿದೆ. ಲೋನ್ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಸಾಲದ ಮುಕ್ಕಾಲು ಪಾಲು ಬಿಲ್ಡರ್ ಕೈ ಸೇರಿದೆ. ಅದೂ ಮೊದಲ ಐದೇ ತಿಂಗಳಲ್ಲಿ, ಎರಡೇ ಕಂತಿನಲ್ಲಿ.

ಇದು ವಾಸಕ್ಕೆ ತಗೊಂಡ ಮನೆ ಅಲ್ಲ. ರಿಟೈರ್ ಆದ ಮೇಲೆ ಬಾಡಿಗೆ ಬರಲಿ ಅಂತ ಹಾಕಿದ ದುಡ್ಡು. ಹೂಡಿಕೆ ಅಂದ ಕೂಡಲೇ ದುಡ್ಡು ಜಾಸ್ತಿ ಇದ್ದವರ ಕೆಲಸ ಅಂದುಕೊಳ್ಳುತ್ತಾರೆ. ಹಾಗಲ್ಲ ಸರ್. 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆ ಬೆಲೆಯ 80% ದಾಟಬಾರದು ಅನ್ನುವುದು ನಿಮ್ಮದೇ ನಿಯಮ. ಒಳ್ಳೆಯ ನಿಯಮವೇ. ಉಳಿದ 20% ನನ್ನ ಪಿಎಫ್ ಮತ್ತು ಹೆಂಡತಿಯ ಚೀಟಿ ಹಣದಿಂದ ಹೋಯಿತು.

ಸಾಲ ನನ್ನ ಹೆಸರಿಗೆ, ಕೀ ಕೈಗೆ ಬರುವವರೆಗೆ ಬಡ್ಡಿ ಬಿಲ್ಡರ್ ಕಟ್ಟುತ್ತಾರೆ ಅಂತ ಸ್ಕೀಮ್ ಇತ್ತು. ಒಂದೂವರೆ ವರ್ಷ ಕಟ್ಟಿದರು, ಆಮೇಲೆ ನಿಲ್ಲಿಸಿಬಿಟ್ಟರು. ಬ್ಯಾಂಕಿನಿಂದ ಫೋನ್ ಬಂದಿದ್ದು ನನಗೆ. ಕ್ರೆಡಿಟ್ ಸ್ಕೋರ್ ಬಿದ್ದಿದ್ದೂ ನನ್ನದೇ.

ನಿಮ್ಮ ಸಂಸ್ಥೆಗೆ ಇದು ಹೊಸ ವಿಷಯವಲ್ಲ. ಕೆಲಸ ಯಾವ ಹಂತಕ್ಕೆ ಬಂದಿದೆಯೋ ಅಷ್ಟಕ್ಕೇ ಹಣ ಬಿಡಿ, ಅರ್ಧ ಕಟ್ಟಿದ ಪ್ರಾಜೆಕ್ಟ್‌ಗೆ ಮುಂಗಡವಾಗಿ ಸುರಿಯಬೇಡಿ ಅಂತ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಬರೆದಿದ್ದೀರಿ. 2019ರಲ್ಲಿ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಕೂಡ ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಇಂಥ ಸ್ಕೀಮ್‌ನ ಸಾಲ ಬೇಡ ಅಂತು. 2025ರಲ್ಲಿ ದೆಹಲಿ ಸುತ್ತಮುತ್ತಲಿನ ಇಂಥವೇ ದೂರುಗಳು ಸುಪ್ರೀಂ ಕೋರ್ಟ್ ಮೂಲಕ ಸಿಬಿಐಗೆ ಹೋದವು. ಸುತ್ತೋಲೆ ಇತ್ತು. ಅದು ಪಾಲನೆಯಾಗ್ತಿದೆಯಾ ಅಂತ ನೋಡುವ ದಾರಿ ಸಾಲಗಾರನಿಗೆ ಇರಲಿಲ್ಲ, ಅಷ್ಟೇ.

ಆ ದಾರಿ ಮಾಡಿಕೊಡಿ. ಬಿಲ್ಡರ್‌ಗಳನ್ನು ನಿಯಂತ್ರಿಸುವ ರೇರಾ ಕಾಯ್ದೆ ಪ್ರಕಾರ ಖರೀದಿದಾರರಿಂದ ಬಂದ ಹಣದ 70% ಬೇರೆ ಖಾತೆಯಲ್ಲಿರಬೇಕು. ಅದರಿಂದ ಬಿಲ್ಡರ್ ಹಣ ತೆಗೆಯಲು ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರ ಸರ್ಟಿಫಿಕೇಟ್ ಬೇಕು. ಬ್ಯಾಂಕು ಪ್ರತಿ ಕಂತು ಬಿಡುವ ಮೊದಲೂ ಅಂಥದೊಂದು ಸರ್ಟಿಫಿಕೇಟ್, ಜೊತೆಗೆ ಸೈಟಿನ ಫೋಟೊ ನಮ್ಮ ಮೊಬೈಲ್‌ಗೆ ಬರಲಿ. ನಾವು ಒಟಿಪಿ ಕೊಟ್ಟ ಮೇಲೆ ಹಣ ಹೋಗಲಿ. ಸಾವಿರ ರೂಪಾಯಿ ಕಳಿಸಲು ಒಟಿಪಿ ಕೇಳ್ತಾರೆ ಅಲ್ವಾ? ನಮ್ಮ ಹೆಸರಿನ ಹತ್ತು ಲಕ್ಷ ಹೋಗುವಾಗಲೂ ಕೇಳಲಿ.

ಸಾಲದ ಮುಖ್ಯ ಅಂಶಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಅಂತ ನೀವೇ ಹೇಳಿದ್ದೀರಿ. 2024ರ ಅಕ್ಟೋಬರ್‌ನಿಂದ ಅದು ಗೃಹಸಾಲದಂಥ ಎಲ್ಲ ಹೊಸ ರಿಟೇಲ್ ಸಾಲಗಳಿಗೂ ಕಡ್ಡಾಯ. ಅದರಲ್ಲೇ ಒಂದು ಸಾಲು ಸೇರಿಸಿ: 'ಬಿಲ್ಡರ್ ಬಡ್ಡಿ ಕಟ್ಟದಿದ್ದರೆ ನೀವೇ ಕಟ್ಟಬೇಕು.' ನಾನು ಸಹಿ ಹಾಕಿದ ಇಂಗ್ಲಿಷ್ ಒಪ್ಪಂದದಲ್ಲಿ ಈ ಮಾತು ಸಣ್ಣ ಅಕ್ಷರದಲ್ಲಿ ಎಲ್ಲೋ ಒಳಗೆ ಇತ್ತು.

ಇನ್ನೂ ಒಂದು. ಕೆಲಸ ಮುಗಿಯುವ ಮೊದಲೇ ಬ್ಯಾಂಕು ಹಣ ಬಿಟ್ಟಿದ್ದರೆ, ಅಷ್ಟು ಹಣದ ಬಡ್ಡಿಯನ್ನು ನಮ್ಮಿಂದ ವಸೂಲಿ ಮಾಡಬಾರದು. ಇದು ಹಳೆ ಸಾಲಗಳಿಗೂ ಅನ್ವಯಿಸಲಿ. ನನ್ನ ಸಾಲದಲ್ಲಿ ಕಾಲು ಭಾಗ ಇನ್ನೂ ಬ್ಯಾಂಕಿನಲ್ಲೇ ಇದೆ. ಗೋಡೆ ಏಳುವ ತನಕ ಅದು ಅಲ್ಲೇ ಇರುವ ಹಾಗೆ ಮಾಡಿ.

ಇಂತಿ,
ಪ್ರತಿ ತಿಂಗಳೂ ಬಡ್ಡಿ ಕಟ್ಟುತ್ತಿರುವ ಒಬ್ಬ ಸಾಲಗಾರ